ದಾಖಲಾತಿ ಪುಸ್ತಕದಿಂದ ಜಾಲತಾಣದವರೆಗೆ

(ಶಾಲಾ ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಹಳೆಯದನ್ನು ನೆನೆಯುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಹಿರಿಯರು ನಿನ್ನೆಯಿಂದ ಸೊಗಸಾಗಿ ನಡೆಸಿಕೊಟ್ಟಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಗಣಕ ಶಿಕ್ಷಣದ ವಿಷಯ. ಅದರಲ್ಲಿಯೂ ಪ್ರೌಢಶಾಲೆಯ ಮಕ್ಕಳಿಗೆ ಜಾಲತಾಣ ರಚನೆಯನ್ನು ಪ್ರಾಥಮಿಕ ಮಟ್ಟದಿಂದ ಒಂದು ಮೆಟ್ಟಿಲು ಮೇಲೇರಿಸಿ ಕಲಿಸುವ ವಿಷಯ. ಇದನ್ನು ಕನ್ನಡ ಶಾಲೆಯೊಂದರ ಶತಮಾನೋತ್ಸವದಲ್ಲಿ ಏಕೆ ಹೇಳಬೇಕು ಎಂಬ ಪ್ರಶ್ನೆಗೆ ಉತ್ತರವನ್ನೇ ಈ ಮಾತುಗಳ ಉದ್ದೇಶವೆಂದು ತಿಳಿಯಬೇಕಾಗಿ ವಿನಂತಿ.

ಪ್ರತಿ ವರ್ಷ ಜೂನ್ ತಿಂಗಳ ಮೊದಲು ನಮ್ಮ ಕಚೇರಿಗೆ ಬರುವ ಹೆತ್ತವರಲ್ಲಿ ಅನೇಕರು ಕೇಳುವ ಮಾತೊಂದಿದೆ: “ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ಕಂಪ್ಯೂಟರ್ ಕಲಿಯಲು ಕಷ್ಟವಾಗುವುದಿಲ್ಲವೇ ಟೀಚರ್?” ಈ ಪ್ರಶ್ನೆಯಲ್ಲಿ ಅಪ್ರೀತಿ ಇಲ್ಲ, ಮಗುವಿನ ಭವಿಷ್ಯದ ಆತಂಕವಿದೆ. ಆದುದರಿಂದ ಅದನ್ನು ಭಾಷಾಭಿಮಾನದ ಮಾತುಗಳಿಂದ ತಳ್ಳಿಹಾಕುವುದು ಸರಿಯಲ್ಲ. ಗಡಿನಾಡಿನಲ್ಲಿ ಈ ಪ್ರಶ್ನೆಯ ಭಾರ ಇನ್ನೂ ಹೆಚ್ಚು. ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿದರೆ ಡಿವಿಜನ್ ಹೋಗುತ್ತದೆ. ಡಿವಿಜನ್ ಹೋದರೆ ಅಧ್ಯಾಪಕ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ಉಳಿದ ಮಕ್ಕಳೂ ಬೇರೆಡೆಗೆ ಹೋಗುತ್ತಾರೆ. ನೂರು ವರ್ಷ ನಿಂತ ಶಾಲೆಯನ್ನು ಅಲುಗಾಡಿಸಲು ಇಷ್ಟು ಸಾಕು. ಹಾಗಾಗಿ ಹೆತ್ತವರ ಪ್ರಶ್ನೆಗೆ ತರಗತಿಯ ಕೆಲಸದಿಂದಲೇ ಉತ್ತರ ಕೊಡಬೇಕೆಂದು ನಾವು ನಿಶ್ಚಯಿಸಿದೆವು.

ಮೊದಲು ನಮಗಿರುವ ಅನುಕೂಲವನ್ನು ಕೃತಜ್ಞತೆಯಿಂದ ನೆನೆಯಬೇಕು. ಕೇರಳದಲ್ಲಿ 2001-02ರ ಸುಮಾರಿಗೆ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. ಮುಂದೆ ಅದು ಸ್ವತಂತ್ರ ತಂತ್ರಾಂಶದ ಹಾದಿಯನ್ನು ಹಿಡಿಯಿತು. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸರಕಾರಿ ಸಂಸ್ಥೆಯಾಯಿತು. 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಕೂಟಗಳು ಹುಟ್ಟಿದವು. ಪ್ರೌಢಶಾಲೆಯ ಐ.ಸಿ.ಟಿ. ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್‌ಗಳಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಮುದ್ರಣವಾಗಿ ನಮ್ಮ ಮಕ್ಕಳ ಕೈಸೇರುತ್ತದೆ. ಶಾಲೆಯ ಗಣಕಯಂತ್ರಗಳಲ್ಲಿರುವುದು ಹಣ ಕೊಟ್ಟು ಪರವಾನಿಗೆ ಪಡೆಯಬೇಕಾದ ತಂತ್ರಾಂಶವಲ್ಲ. ಅದನ್ನು ಮಗು ಮನೆಗೂ ಒಯ್ಯಬಹುದು, ನೆರೆಮನೆಗೂ ಕೊಡಬಹುದು. ಇಷ್ಟು ನೆಲ ಹದವಾಗಿರುವಾಗ ಬಿತ್ತದೆ ಇರುವುದು ನಮಗೆ ಶೋಭೆಯಲ್ಲ.

ಈಗ ವಿಷಯಕ್ಕೆ ಬರೋಣ. ಜಾಲತಾಣ ರಚನೆಯ ಪ್ರಾಥಮಿಕ ಪಾಠವೆಂದರೆ ಎಚ್‌ಟಿಎಂಎಲ್‌ನಲ್ಲಿ ಶೀರ್ಷಿಕೆ, ಪರಿಚ್ಛೇದ, ಚಿತ್ರ, ಕೊಂಡಿ ಇವುಗಳನ್ನು ಗುರುತಿಸಿ ಒಂದು ಪುಟವನ್ನು ತೆರೆದು ತೋರಿಸುವುದು. ಮಕ್ಕಳು ಇದನ್ನು ನಾಲ್ಕೈದು ಪೀರಿಯಡುಗಳಲ್ಲಿ ಕಲಿಯುತ್ತಾರೆ. ಹಿನ್ನೆಲೆಗೆ ಬಣ್ಣ ಬಳಿಯುತ್ತಾರೆ, ಊರಿನ ದೇವಸ್ಥಾನದ ಚಿತ್ರವನ್ನು ಸೇರಿಸುತ್ತಾರೆ, ಸಂತೋಷಪಡುತ್ತಾರೆ. ಬಹಳ ಕಡೆ ಕಲಿಕೆ ಇಲ್ಲಿಗೆ ನಿಂತುಬಿಡುತ್ತದೆ. ಮಧ್ಯಮ ಹಂತವೆಂದು ನಾವು ಕರೆಯುವುದು ಇದರ ಆಚೆಗಿನದನ್ನು. ಅಲ್ಲಿ ಮಗು ಪುಟದ ರಚನೆ, ಅಲಂಕಾರ, ವರ್ತನೆ ಈ ಮೂರನ್ನು ಬೇರೆಬೇರೆಯಾಗಿ ಇರಿಸಲು ಕಲಿಯಬೇಕು. ಒಂದೇ ಪುಟ ದೊಡ್ಡ ಪರದೆಯಲ್ಲಿಯೂ ಅಂಗೈಯಗಲದ ಫೋನಿನಲ್ಲಿಯೂ ಸರಿಯಾಗಿ ಕಾಣುವಂತೆ ಮಾಡಬೇಕು. ಓದುಗನಿಂದ ಮಾಹಿತಿ ಪಡೆದು ಅದರ ಸರಿತಪ್ಪನ್ನು ಪರೀಕ್ಷಿಸಬೇಕು. ನೂರಾರು ಸಾಲಿನ ದತ್ತಾಂಶವನ್ನು ಹುಡುಕುವ, ವಿಂಗಡಿಸುವ, ಕ್ರಮದಲ್ಲಿ ಜೋಡಿಸುವ ಜಾವಾಸ್ಕ್ರಿಪ್ಟ್ ಬರೆಯಬೇಕು. ತನ್ನ ಕೆಲಸವನ್ನು ಮತ್ತೊಬ್ಬರು ಓದಿ ಮುಂದುವರಿಸುವಂತೆ ಅಚ್ಚುಕಟ್ಟಾಗಿ ಇಡಬೇಕು.

ರಚನೆ, ಅಲಂಕಾರ, ವರ್ತನೆಗಳ ಭೇದವನ್ನು ತಿಳಿಸಲು ನಮಗೆ ದೂರದ ಉದಾಹರಣೆ ಬೇಕಾಗಲಿಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಯಕ್ಷಗಾನಕ್ಕಿಂತ ಹತ್ತಿರದ ದೃಷ್ಟಾಂತ ಯಾವುದಿದೆ? ಪ್ರಸಂಗದ ಪದ್ಯಗಳು ಎಚ್‌ಟಿಎಂಎಲ್. ಚೌಕಿಯಲ್ಲಿ ಕಟ್ಟುವ ವೇಷ, ಬಣ್ಣ ಸಿಎಸ್‌ಎಸ್. ರಂಗಸ್ಥಳದ ಕುಣಿತ ಜಾವಾಸ್ಕ್ರಿಪ್ಟ್. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಆದರೂ ಕಥೆ ಕುಂದುವುದಿಲ್ಲ, ಕೇಳುವವರಿಗೆ ರಸವೂ ತಪ್ಪುವುದಿಲ್ಲ. ಒಳ್ಳೆಯ ಜಾಲಪುಟವೂ ಹೀಗೆಯೇ. ಅಲಂಕಾರವನ್ನು ತೆಗೆದರೂ ಅದರ ವಿಷಯ ಕ್ರಮವಾಗಿ ಓದಿಸಿಕೊಳ್ಳಬೇಕು. ಕಣ್ಣು ಕಾಣದವರ ಗಣಕಯಂತ್ರ ಪುಟವನ್ನು ಓದಿಹೇಳುವಾಗ ಅದಕ್ಕೆ ದೊರಕುವುದು ಈ ಪ್ರಸಂಗವೇ ಹೊರತು ವೇಷವಲ್ಲ. ಪುಟದ ಭಾಷೆ ಕನ್ನಡವೆಂದು ಆರಂಭದಲ್ಲಿಯೇ ಸೂಚಿಸಬೇಕಾದ ಕಾರಣವೂ ಇದೇ. ಆ ಸೂಚನೆ ಇದ್ದರೆ ಓದಿಹೇಳುವ ತಂತ್ರಾಂಶ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲುದು. ಇಷ್ಟನ್ನು ಹೇಳಿದ ಬಳಿಕ ‘ಮೊದಲು ಪ್ರಸಂಗ, ಆಮೇಲೆ ವೇಷ’ ಎಂಬುದು ಪ್ರಯೋಗಾಲಯದ ಗಾದೆಯಾಯಿತು.

ಇನ್ನು ಭಾಷೆಯ ಪ್ರಶ್ನೆ. ಜಾವಾಸ್ಕ್ರಿಪ್ಟ್‌ನ ಪದಗಳು ಇಂಗ್ಲಿಷಿನಿಂದ ಬಂದವು, ನಿಜ. ಆದರೆ ದಿನಬಳಕೆಗೆ ಬೇಕಾಗುವ ಅಂತಹ ಮೂಲಪದಗಳು ಎಷ್ಟು? ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮಲಯಾಳವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮತ್ತೊಂದು ಮಾತಿನಲ್ಲಿ ವ್ಯವಹರಿಸುವ ಮಗುವಿಗೆ ಮೂವತ್ತು ಹೊಸ ಪದಗಳು ಬೆಟ್ಟವಲ್ಲ. ಕಷ್ಟ ಇರುವುದು ಪದದಲ್ಲಲ್ಲ, ವಿಚಾರವನ್ನು ಹಂತಹಂತವಾಗಿ ಬಿಡಿಸುವುದರಲ್ಲಿ. ಆ ಬಿಡಿಸುವಿಕೆ ನಡೆಯುವುದು ಮಗು ಯೋಚಿಸುವ ಭಾಷೆಯಲ್ಲಿ. ‘ಹೆಸರು ಖಾಲಿಯಾಗಿದ್ದರೆ ಎಚ್ಚರಿಸು; ಇಲ್ಲವಾದರೆ ಪಟ್ಟಿಗೆ ಸೇರಿಸು’ ಎಂದು ಮೊದಲು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಿಸುತ್ತೇವೆ. ಕನ್ನಡದಲ್ಲಿ ಷರತ್ತು ಕ್ರಿಯಾಪದದ ಬಾಲಕ್ಕೆ ‘ಅರೆ’ ಎಂದು ಅಂಟಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಅದು ವಾಕ್ಯದ ತಲೆಗೆ ‘ಇಫ್’ ಎಂದು ಬಂದು ಕೂರುತ್ತದೆ. ಬಾಲದಲ್ಲಿದ್ದುದು ತಲೆಗೆ ಹೋಯಿತೆಂಬ ಈ ಒಂದು ಗಮನಿಕೆ ಸಿಕ್ಕಿದರೆ ಮಗು ಮತ್ತೆ ತಡವರಿಸುವುದಿಲ್ಲ. ಗಣಿತದ ತರಗತಿಯಲ್ಲಿ ಕಲಿತ ‘ಚರ’ವೆಂಬ ಪದವೇ ಇಲ್ಲಿಯೂ ನೆರವಿಗೆ ಬರುತ್ತದೆ. ಬೆಲೆ ಬದಲಾಗಬಲ್ಲ, ಆದರೆ ಹೆಸರು ಬದಲಾಗದ ಪಾತ್ರೆ ಅದು.

ನಿಜವಾದ ತೊಡಕು ಬರುವುದು ಯಂತ್ರ ತೋರಿಸುವ ದೋಷಸೂಚನೆಗಳಲ್ಲಿ. ಕೆಂಪಕ್ಷರದ ಇಂಗ್ಲಿಷ್ ಸಾಲು ಕಂಡೊಡನೆ ಅನೇಕ ಮಕ್ಕಳು ಕೈಬಿಡುತ್ತಾರೆ. ಇದಕ್ಕಾಗಿ ಪ್ರಯೋಗಾಲಯದಲ್ಲಿ ಮಕ್ಕಳೇ ಒಂದು ದಪ್ಪ ನೋಟುಪುಸ್ತಕವನ್ನು ಇಟ್ಟಿದ್ದಾರೆ. ಎಡಬದಿಯಲ್ಲಿ ಯಂತ್ರದ ಮಾತು, ಬಲಬದಿಯಲ್ಲಿ ಅದರ ಕನ್ನಡ ತಾತ್ಪರ್ಯ. ‘ನಾಟ್ ಡಿಫೈನ್ಡ್’ ಎಂಬುದರ ಎದುರಿಗೆ ‘ನೀನು ಕರೆದ ಹೆಸರಿನವರು ಇಲ್ಲಿ ಯಾರೂ ಇಲ್ಲ, ಕಾಗುಣಿತ ನೋಡು’ ಎಂದಿದೆ. ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎಂಬುದಕ್ಕೆ ‘ಇರಬಾರದ ಜಾಗದಲ್ಲಿ ಒಂದು ಚಿಹ್ನೆ ಇದೆ, ಹಿಂದಿನ ಸಾಲಿನ ಆವರಣ ಮುಚ್ಚಿದೆಯೇ?’ ಎಂದಿದೆ. ಇಂಗ್ಲಿಷನ್ನು ದೂರವಿರಿಸುವುದು ಇದರ ಉದ್ದೇಶವಲ್ಲ. ಇಂಗ್ಲಿಷಿನ ಆ ಸಾಲನ್ನು ಹೆದರದೆ ಓದುವ ಧೈರ್ಯವನ್ನು ಕನ್ನಡದ ಮೂಲಕ ಕೊಡುವುದು ಉದ್ದೇಶ. ವರ್ಷ ಮುಗಿಯುವಾಗ ಮಕ್ಕಳು ಬಲಬದಿಯನ್ನು ನೋಡುವುದನ್ನು ತಾವಾಗಿಯೇ ಬಿಡುತ್ತಾರೆ.

ಇಷ್ಟಾದ ಮೇಲೆ ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇವೆ. ಕನ್ನಡ ಮಾಧ್ಯಮ ಈ ಕಲಿಕೆಗೆ ಅಡ್ಡಿಯಲ್ಲ ಎಂಬುದಷ್ಟೇ ನಮ್ಮ ಅನುಭವವಲ್ಲ. ಮಧ್ಯಮ ಹಂತದ ಒಳ್ಳೆಯ ಪಾಠಗಳನ್ನು ನಮ್ಮ ಮಕ್ಕಳಿಗೆ ಒದಗಿಸಿಕೊಟ್ಟದ್ದು ಕನ್ನಡವೇ. ಅದು ಹೇಗೆಂಬುದನ್ನು ಈ ವರ್ಷದ ಕೆಲಸದಿಂದ ವಿವರಿಸುತ್ತೇವೆ.

ಶತಮಾನೋತ್ಸವದ ನಿಮಿತ್ತ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಹುಡುಕಲು ಬರುವಂತಹ ಒಂದು ತಾಣವನ್ನು ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳು ಕಟ್ಟತೊಡಗಿದರು. ಪ್ರತಿ ಸಾಲಿಗೆ ಹೆಸರು, ಊರು, ಸೇರಿದ ವರ್ಷ, ಸೇರಿದ ತರಗತಿ ಎಂಬ ನಾಲ್ಕು ಅಂಕಣಗಳು. ಹೆಸರನ್ನು ತುಂಬುವ ನಮೂನೆ ಸಿದ್ಧವಾಯಿತು. ಹೆಸರಿಗೆ ಹತ್ತು ಅಕ್ಷರಗಳ ಮಿತಿಯನ್ನು ಮಕ್ಕಳು ಇಟ್ಟರು. ಕನ್ನಡದ ಹೆಸರಿಗೆ ಹತ್ತು ಅಕ್ಷರ ಧಾರಾಳವಲ್ಲವೇ? ‘ಸುಬ್ರಹ್ಮಣ್ಯ’ ಎಂದು ಬೆರಳೊತ್ತಿದಾಗ ಯಂತ್ರ ‘ಸುಬ್ರಹ್ಮಣ್’ ಎಂಬಲ್ಲಿಗೆ ನಿಲ್ಲಿಸಿಬಿಟ್ಟಿತು. ನಮ್ಮ ಎಣಿಕೆಯಲ್ಲಿ ಸು, ಬ್ರ, ಹ್ಮ, ಣ್ಯ ಎಂಬ ನಾಲ್ಕೇ ಅಕ್ಷರಗಳು. ಯಂತ್ರದ ಎಣಿಕೆಯಲ್ಲಿ ಹನ್ನೊಂದು. ‘ಲಕ್ಷ್ಮಿ’ ನಮಗೆ ಎರಡಕ್ಷರ, ಯಂತ್ರಕ್ಕೆ ಏಳು.

ಕಾರಣವೇನೆಂದರೆ, ಯೂನಿಕೋಡ್ ಪದ್ಧತಿಯಲ್ಲಿ ಸಂಯುಕ್ತಾಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ಹಲಂತದ ಚಿಹ್ನೆ, ಮತ್ತೆ ವ್ಯಂಜನ, ಸ್ವರಚಿಹ್ನೆ ಹೀಗೆ ಬಿಡಿಬಿಡಿಯಾಗಿ ಬರೆದಿಡುತ್ತದೆ. ಅವುಗಳನ್ನು ಒತ್ತಕ್ಷರವಾಗಿ ಕೂಡಿಸಿ ತೋರಿಸುವುದು ಅಕ್ಷರವಿನ್ಯಾಸದ ಕೆಲಸ. ಇದನ್ನು ತಿಳಿದ ಮಕ್ಕಳು ಅಕ್ಷರ ಎಣಿಸುವ ನಿಯಮವನ್ನು ತಾವೇ ಬರೆಯಬೇಕಾಯಿತು. ನಿಯಮ ಎಲ್ಲಿಂದ ಬಂದಿತು? ವ್ಯಾಕರಣದ ಪಾಠದಿಂದ. ಸ್ವರವೂ ವ್ಯಂಜನವೂ ಎಣಿಕೆಗೆ ಬರುತ್ತವೆ. ಹಲಂತ ಚಿಹ್ನೆಯ ನಂತರ ಬರುವ ವ್ಯಂಜನ ಹಿಂದಿನದಕ್ಕೇ ಸೇರುತ್ತದೆ. ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಪ್ರತ್ಯೇಕವಾಗಿ ಎಣಿಸಬಾರದು. ಏಳನೆಯ ತರಗತಿಯವರೆಗೆ ಬಾಯಿಪಾಠವಾಗಿದ್ದ ಗುಣಿತಾಕ್ಷರ, ಸಂಯುಕ್ತಾಕ್ಷರಗಳ ವ್ಯತ್ಯಾಸ ಒಂಬತ್ತನೆಯ ತರಗತಿಯಲ್ಲಿ ಹನ್ನೆರಡು ಸಾಲುಗಳ ಜಾವಾಸ್ಕ್ರಿಪ್ಟ್ ಆಯಿತು.

ನಮ್ಮ ಕನ್ನಡ ಅಧ್ಯಾಪಕರು ಇದನ್ನು ನೋಡಿ ಸುಮ್ಮನಿರಲಿಲ್ಲ. ‘ಅಕ್ಷರ ಎಣಿಸಿದಿರಿ, ಮಾತ್ರೆ ಎಣಿಸಬಲ್ಲಿರಾ?’ ಎಂದು ಕೇಳಿದರು. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘವಾದರೆ, ಅನುಸ್ವಾರ ವಿಸರ್ಗಗಳಿದ್ದರೆ, ಒತ್ತಕ್ಷರದ ಹಿಂದೆ ನಿಂತರೆ ಗುರು, ಎರಡು ಮಾತ್ರೆ. ‘ಲಕ್ಷ್ಮಿ’ಯ ಲಕಾರ ಹ್ರಸ್ವವಾದರೂ ಮುಂದೆ ಒತ್ತಕ್ಷರವಿರುವುದರಿಂದ ಗುರುವಾಗುತ್ತದೆ, ಆದುದರಿಂದ ಆ ಪದಕ್ಕೆ ಮೂರು ಮಾತ್ರೆ. ಮುಂದಿನ ಅಕ್ಷರವನ್ನು ನೋಡಿದ ಬಳಿಕವೇ ಹಿಂದಿನ ಅಕ್ಷರದ ತೀರ್ಮಾನ ಮಾಡಬೇಕೆಂಬ ಈ ನಿಯಮವನ್ನು ಬರೆಯಲು ಮಕ್ಕಳಿಗೆ ಎರಡು ವಾರ ಹಿಡಿಯಿತು. ಇಂದು ಪ್ರಯೋಗಾಲಯದಲ್ಲಿ ಒಂದು ಪುಟವಿದೆ: ಮೇಲಿನ ಪೆಟ್ಟಿಗೆಯಲ್ಲಿ ಸಾಲನ್ನು ಬರೆದರೆ ಕೆಳಗೆ ಲಘುಗುರುಗಳ ಪ್ರಸ್ತಾರ ಮೂಡುತ್ತದೆ. ಛಂದಸ್ಸೆಂದರೆ ಓಡಿಹೋಗುತ್ತಿದ್ದ ಮಕ್ಕಳು ಯಂತ್ರ ಎಲ್ಲಿ ಎಡವುತ್ತದೆಂದು ಹುಡುಕಲು ತಾವೇ ಪದ್ಯಗಳನ್ನು ತರುತ್ತಿದ್ದಾರೆ. ಇದು ಗಣಕದ ಪಾಠವೋ ಕನ್ನಡದ ಪಾಠವೋ ಎಂದು ಕೇಳಿದರೆ ವೇಳಾಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಎರಡನೆಯ ಪಾಠ ಅಕಾರಾದಿ ಕ್ರಮದ್ದು. ಊರುಗಳ ಪಟ್ಟಿಯನ್ನು ಜೋಡಿಸಲು ಜಾವಾಸ್ಕ್ರಿಪ್ಟಿಗೆ ಒಂದು ಪದದ ಆಜ್ಞೆ ಸಾಕು. ಆಜ್ಞೆ ಕೊಟ್ಟಾಗ ಬೇಕಲ, ಬೇಳ, ಬೇವಿಂಜೆ ಎಂಬ ಕ್ರಮ ಬಂದಿತು. ವರ್ಣಮಾಲೆ ಬಲ್ಲ ಮಗು ತಕ್ಷಣ ಆಕ್ಷೇಪಿಸಿತು: ಳಕಾರ ಇರುವುದು ಕೊನೆಯಲ್ಲಿ, ಹಕಾರದ ನಂತರ, ವಕಾರದ ಹಿಂದೆ ಅದು ಬಂದದ್ದು ಹೇಗೆ? ಯೂನಿಕೋಡಿನ ಸಂಕೇತಪಟ್ಟಿಯಲ್ಲಿ ಭಾರತೀಯ ಲಿಪಿಗಳನ್ನೆಲ್ಲ ಒಂದೇ ಚೌಕಟ್ಟಿಗೆ ಹೊಂದಿಸಿ ಜೋಡಿಸಿರುವುದರಿಂದ ಕನ್ನಡದ ಳಕಾರ ಲಕಾರದ ಪಕ್ಕದಲ್ಲಿಯೇ ಕುಳಿತಿದೆ. ಸಾಧಾರಣ ಆಜ್ಞೆ ಸಂಕೇತಗಳ ಸಂಖ್ಯೆಯನ್ನು ನೋಡುತ್ತದೆಯೇ ಹೊರತು ವರ್ಣಮಾಲೆಯನ್ನಲ್ಲ. ಭಾಷೆಯ ಹೆಸರನ್ನು ತಿಳಿಸಿ ಹೋಲಿಸುವ ಬೇರೊಂದು ವಿಧಾನ ಜಾವಾಸ್ಕ್ರಿಪ್ಟಿನಲ್ಲಿದೆ. ಮಕ್ಕಳು ಅದನ್ನು ಬಳಸಿದರು. ಬಳಸಿ ನಂಬಿ ಕೂರದೆ, ತಮ್ಮ ವರ್ಣಮಾಲೆಯೊಡನೆ ತಾಳೆ ನೋಡಿದರು. ಇಂಗ್ಲಿಷ್ ಪಟ್ಟಿಯನ್ನು ಮಾತ್ರ ಜೋಡಿಸಿದ ಮಗುವಿಗೆ ‘ಯಂತ್ರದ ಕ್ರಮ ಬೇರೆ, ಭಾಷೆಯ ಕ್ರಮ ಬೇರೆ’ ಎಂಬ ಅರಿವು ಇಷ್ಟು ಬೇಗ ದೊರಕುತ್ತಿರಲಿಲ್ಲ.

ಮೂರನೆಯದು ಹುಡುಕಾಟದ ತೊಡಕು. ‘ಪೆರ್ಲ’ ಎಂಬ ಊರನ್ನು ಕೆಲವರು ಅರ್ಕಾವೊತ್ತಿನಿಂದ ಬರೆದಿದ್ದರು, ಕೆಲವರು ‘ಪೆರ್‌ಲ’ ಎಂದು ರಕಾರವನ್ನು ಬಿಡಿಸಿ ಬರೆದಿದ್ದರು. ಹಾಗೆ ಬಿಡಿಸಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸಬೇಕಾಗುತ್ತದೆ. ಓದುವವರಿಗೆ ಎರಡೂ ಒಂದೇ ಊರು. ಯಂತ್ರಕ್ಕೆ ಎರಡು ಊರು. ಹೋಲಿಸುವ ಮೊದಲು ಎರಡೂ ಕಡೆಯ ಆ ಅದೃಶ್ಯ ಚಿಹ್ನೆಯನ್ನು ತೆಗೆಯಬೇಕೆಂಬ ಉಪಾಯ ಹೊಳೆಯಿತು. ಮಾಹಿತಿಯನ್ನು ಬಳಸುವ ಮುನ್ನ ಒಂದೇ ಹದಕ್ಕೆ ತರಬೇಕೆಂಬ ಈ ತತ್ತ್ವವನ್ನು ದೊಡ್ಡ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಹಳೆ ವಿದ್ಯಾರ್ಥಿಗಳು ದಿನನಿತ್ಯ ಪಾಲಿಸುತ್ತಾರೆಂದು ಅವರೇ ನಮಗೆ ಹೇಳಿದರು.

ಇದಕ್ಕಿಂತ ದೊಡ್ಡ ಪಾಠ ‘ಜಿಲ್ಲೆ’ಯ ವಿಷಯದಲ್ಲಿ ಬಂದಿತು. ಹಳೆಯ ಪುಸ್ತಕಗಳಲ್ಲಿ ನಮ್ಮ ಊರುಗಳ ಮುಂದೆ ದಕ್ಷಿಣ ಕನ್ನಡ ಜಿಲ್ಲೆ ಎಂದಿದೆ. ಆಗ ನಾವು ಮದರಾಸಿಗೆ ಸೇರಿದ್ದೆವು. 1956ರ ನವೆಂಬರ್ 1ರಂದು ಕೇರಳ ರಾಜ್ಯ ಉದಯಿಸಿತು. ಮುಂದಿನ ವರ್ಷ ಕಣ್ಣೂರು ಜಿಲ್ಲೆ ಎಂಬ ಬರಹ ಆರಂಭವಾಗುತ್ತದೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಒಂದೇ ಅಂಗಳದಿಂದ ಶಾಲೆಗೆ ಬಂದರೂ ಪುಸ್ತಕದಲ್ಲಿ ಮೂರು ಜಿಲ್ಲೆಗಳವರು! ಮಕ್ಕಳ ಮುಂದೆ ಎರಡು ದಾರಿಗಳಿದ್ದವು. ಎಲ್ಲವನ್ನೂ ಇಂದಿನ ಹೆಸರಿಗೆ ತಿದ್ದುವುದು ಒಂದು. ಬರೆದದ್ದನ್ನು ಬರೆದಂತೆಯೇ ಉಳಿಸುವುದು ಇನ್ನೊಂದು. ತಿದ್ದಿದರೆ ಇತಿಹಾಸ ಅಳಿಯುತ್ತದೆ. ಹಾಗೆಯೇ ಬಿಟ್ಟರೆ ಹುಡುಕಾಟದಲ್ಲಿ ಒಂದೇ ಊರು ಮೂರಾಗಿ ಒಡೆಯುತ್ತದೆ. ಕೊನೆಗೆ ಮೂಲ ಬರಹಕ್ಕೆ ಒಂದು ಅಂಕಣ, ಊರಿನ ಗುರುತಿಗೆ ಒಂದು ಸಂಖ್ಯೆ, ಆ ಸಂಖ್ಯೆಯಿಂದ ಊರಿನ ಇಂದಿನ ವಿವರ ತಿಳಿಸುವ ಬೇರೊಂದು ಪಟ್ಟಿ ಎಂದು ವ್ಯವಸ್ಥೆಯಾಯಿತು. ದತ್ತಾಂಶ ವಿನ್ಯಾಸದ ಮೂಲಪಾಠವೇ ಇದು. ಗಡಿನಾಡಿನ ಚರಿತ್ರೆ ಅದನ್ನು ನಮ್ಮ ಮಕ್ಕಳಿಗೆ ಉಚಿತವಾಗಿ ಕಲಿಸಿತು.

ದಾಖಲಾತಿ ಪುಸ್ತಕದಲ್ಲಿ ಜಾತಿ, ಹುಟ್ಟಿದ ದಿನ, ತಂದೆಯ ಉದ್ಯೋಗ, ಶಾಲೆ ಬಿಟ್ಟ ಕಾರಣ ಇವೂ ಇವೆ. ಇವನ್ನೆಲ್ಲ ತಾಣದಲ್ಲಿ ಏರಿಸಬಹುದೇ? ಈ ಪ್ರಶ್ನೆಯನ್ನು ನಾವು ಮಕ್ಕಳಿಗೇ ಬಿಟ್ಟೆವು. ಚರ್ಚೆ ಎರಡು ಪೀರಿಯಡು ನಡೆಯಿತು. ಬಡತನದಿಂದ ಶಾಲೆ ಬಿಟ್ಟರೆಂಬ ಷರಾವನ್ನು ಅವರ ಮೊಮ್ಮಕ್ಕಳು ಪರದೆಯ ಮೇಲೆ ಓದಬೇಕೇ ಎಂದು ಒಬ್ಬಳು ಬಾಲಕಿ ಕೇಳಿದಾಗ ಸಭೆ ಮೌನವಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರ ಮಾಹಿತಿಯ ಬಳಕೆಗೆ ಹೆತ್ತವರ ಒಪ್ಪಿಗೆಯನ್ನು ವಿಧಿಸುತ್ತದೆಂದು ನಾವು ತಿಳಿಸಿದೆವು. ಆದರೆ ಕಾಯ್ದೆಯ ಮಾತಿಗಿಂತ ಆ ಬಾಲಕಿಯ ಮಾತೇ ಹೆಚ್ಚು ನಾಟಿತು. ತೀರ್ಮಾನ ಹೀಗಾಯಿತು: ಪೂರ್ಣ ಪಟ್ಟಿ ಶಾಲೆಯ ಒಳಜಾಲದಲ್ಲಿ ಮಾತ್ರ ಇರುತ್ತದೆ, ಅದರಲ್ಲಿಯೂ ಜಾತಿ, ಉದ್ಯೋಗ, ಷರಾಗಳನ್ನು ನಕಲು ಮಾಡುವುದೇ ಇಲ್ಲ. ಅಂತರಜಾಲದ ಪುಟದಲ್ಲಿ ಒಪ್ಪಿಗೆ ಕೊಟ್ಟವರ ಹೆಸರು, ಊರು, ವರ್ಷ ಮಾತ್ರ. ತೋರಿಸಲು ಬರುವುದನ್ನೆಲ್ಲ ತೋರಿಸಬಾರದು ಎಂಬ ವಿವೇಕವೂ ಜಾಲತಾಣ ರಚನೆಯ ಪಾಠವೇ. ಅದನ್ನು ಹದಿನಾಲ್ಕರ ವಯಸ್ಸಿನಲ್ಲಿ ಕಲಿತವರು ಮುಂದೆ ಇತರರ ಮಾಹಿತಿಯನ್ನು ಗೌರವದಿಂದ ಕಾಣುವರೆಂಬ ಭರವಸೆ ನಮಗಿದೆ.

ಪರೀಕ್ಷೆಯ ವಿಧಾನವನ್ನೂ ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಗಣಕಯಂತ್ರವಿಲ್ಲ. ಅಮ್ಮನದೋ ಅಣ್ಣನದೋ ಫೋನು ಇದೆ. ಹಾಗಾಗಿ ಪ್ರಯೋಗಾಲಯದ ಪರದೆಯಲ್ಲಿ ಚೆನ್ನಾಗಿ ಕಂಡದ್ದಕ್ಕೆ ಅಂಕವಿಲ್ಲ. ಮನೆಯ ಹಳೆಯ ಫೋನಿನಲ್ಲಿ ಸರಿಯಾಗಿ ತೆರೆದರೆ ಅಂಕ. ಆ ಪರೀಕ್ಷೆಯಲ್ಲಿ ಸಾಲುಗಳ ನಡುವೆ ಅಂತರ ಕಡಿಮೆಯಾಗಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದವು; ಇಂಗ್ಲಿಷ್ ಪದಕ್ಕೆ ಹೊಂದುವ ಗುಂಡಿಯಿಂದ ಕನ್ನಡದ ಪದ ಹೊರಚಾಚಿತು; ದೊಡ್ಡ ಗಾತ್ರದ ಚಿತ್ರಗಳು ತೆರೆಯುವಷ್ಟರಲ್ಲಿ ಸಿಗ್ನಲ್ ಹೋಯಿತು. ಒಂದೊಂದನ್ನೂ ಮಕ್ಕಳು ಪಟ್ಟಿ ಮಾಡಿ ಸರಿಪಡಿಸಿದರು. ಹೊರಗಿನಿಂದ ತಂದ ಸಿದ್ಧ ಮಾದರಿಯನ್ನು ಅಂಟಿಸಿದ್ದರೆ ಇದಾವುದೂ ತಿಳಿಯುತ್ತಿರಲಿಲ್ಲ.

ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ತಾಣವನ್ನು ಬರೆದುಕೊಡುವಾಗ ಈ ಶ್ರಮವೇಕೆ ಎಂದು ಕೆಲವು ಹಳೆ ವಿದ್ಯಾರ್ಥಿಗಳು ಕೇಳಿದ್ದಾರೆ. ಬರೆದುಕೊಟ್ಟುದು ಸರಿಯೇ ಎಂದು ಹೇಳಬಲ್ಲವರು ಬೇಡವೇ? ಬೇಳವು ಬೇವಿಂಜೆಯ ನಂತರ ಬರಬೇಕೆಂದು ಬಲ್ಲವನೇ ಪಟ್ಟಿಯ ತಪ್ಪನ್ನು ಕಾಣಬಲ್ಲ. ಷರಾವಿನ ಅಂಕಣವನ್ನು ಬಿಡಬೇಕೆಂದು ಕೇಳಿದ್ದು ಯಂತ್ರವಲ್ಲ, ನಮ್ಮ ಬಾಲಕಿ. ಗುಣಾಕಾರದ ಯಂತ್ರ ಬಂದ ಮೇಲೂ ನಾವು ಮಗ್ಗಿಯನ್ನು ಬಿಟ್ಟಿಲ್ಲವಷ್ಟೆ.

ಈ ಕೆಲಸ ನಮ್ಮಿಂದ ಆರಂಭವಾದುದೇನೂ ಅಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ನಮ್ಮ ಸೀಮೆಯೂ ಅದೇ ಜಿಲ್ಲೆಯ ಭಾಗವಾಗಿತ್ತು. ಕನ್ನಡದ ಒತ್ತು, ಕೊಂಬು, ದೀರ್ಘಗಳನ್ನು ಅಚ್ಚಿಗೆ ಹೊಂದಿಸಲು ಆ ತಲೆಮಾರು ಪಟ್ಟ ಪಾಡು ಕಡಿಮೆಯದಲ್ಲ. ಗಣಕಯಂತ್ರ ಬಂದಾಗ ಅದೇ ಪಾಡು ಮತ್ತೊಮ್ಮೆ ಎದುರಾಯಿತು, ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಕನ್ನಡದ ಬೆರಳಚ್ಚನ್ನು ಎಲ್ಲರಿಗೂ ಸುಲಭವಾಗಿಸಿದರು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಈ ಸಾಲಿನಲ್ಲಿ ನಮ್ಮ ಮಕ್ಕಳ ಹನ್ನೆರಡು ಸಾಲಿನ ಅಕ್ಷರ ಎಣಿಕೆ ಅತಿ ಚಿಕ್ಕದು. ಆದರೂ ಸಾಲು ಅದೇ. ತನ್ನ ಭಾಷೆಗೆ ಹೊಂದದ ಉಪಕರಣವನ್ನು ಕಂಡು ಭಾಷೆಯನ್ನು ಬಿಡದೆ, ಉಪಕರಣವನ್ನು ತಿದ್ದುವವರ ಸಾಲು.

ಈ ನೆಲೆಯಲ್ಲಿ ನಿಮ್ಮೆಲ್ಲರಲ್ಲಿ ಕೆಲವು ಬೇಡಿಕೆಗಳಿವೆ. ಹೆತ್ತವರಲ್ಲಿ ವಿನಂತಿ: ಮಗು ಫೋನು ಕೇಳಿದಾಗ ಅದು ಆಟಕ್ಕೋ ಪರೀಕ್ಷೆಗೋ ಎಂದು ಒಮ್ಮೆ ಕೇಳಿ, ತಾನು ಮಾಡಿದ ಪುಟವನ್ನು ತೋರಿಸಲು ಹೇಳಿ. ನಿಮಗೆ ಅರ್ಥವಾಗದ ಭಾಗವನ್ನು ನಾಚದೆ ಹೇಳಿದರೆ ಅದೇ ಮಗುವಿಗೆ ದೊರಕುವ ಒಳ್ಳೆಯ ವಿಮರ್ಶೆ. ಒಪ್ಪಿಗೆಪತ್ರ ಬಂದಾಗ ಓದಿ ಸಹಿಮಾಡಿ. ಒಪ್ಪಿಗೆಯಿಲ್ಲವಾದರೆ ಇಲ್ಲವೆಂದು ಬರೆಯುವ ಹಕ್ಕು ನಿಮಗಿದೆ. ಹಳೆ ವಿದ್ಯಾರ್ಥಿಗಳಲ್ಲಿ ವಿನಂತಿ: ಬೆಂಗಳೂರಿನಿಂದಲೋ ಕೊಲ್ಲಿ ದೇಶಗಳಿಂದಲೋ ತಿಂಗಳಿಗೊಮ್ಮೆ ಒಂದು ಗಂಟೆ ನಮ್ಮ ಮಕ್ಕಳ ಕೆಲಸವನ್ನು ಓದಿ ತಿದ್ದಿಕೊಡಿ, ತಿದ್ದುವಾಗ ಕನ್ನಡದಲ್ಲಿಯೇ ವಿವರಿಸಿ. ನೀವು ಬದಲಾಯಿಸುವ ಹಳೆಯ ಲ್ಯಾಪ್‌ಟಾಪುಗಳಿಗೆ ಇಲ್ಲಿ ಇನ್ನೂ ಐದು ವರ್ಷದ ಆಯುಸ್ಸಿದೆ. ಅಧ್ಯಾಪಕ ಬಂಧುಗಳಲ್ಲಿ ವಿನಂತಿ: ಐ.ಟಿ. ಪ್ರಯೋಗಾಲಯವನ್ನು ಒಂದು ವಿಷಯದ ಕೊಠಡಿಯೆಂದು ಭಾವಿಸದಿರಿ. ಛಂದಸ್ಸು ಅಲ್ಲಿಗೆ ಹೋದ ಹಾಗೆ ಸಸ್ಯಶಾಸ್ತ್ರವೂ ಸಮಾಜ ವಿಜ್ಞಾನವೂ ಹೋಗಲಿ.

ಮಕ್ಕಳೇ, ನಿಮಗೆ ಒಂದೇ ಮಾತು. ದಾಖಲಾತಿ ಪುಸ್ತಕದ ಮೊದಲ ಸಾಲುಗಳನ್ನು ಬರೆದ ಅಧ್ಯಾಪಕರು ಮಸಿಯಲ್ಲಿ ಲೇಖನಿಯನ್ನು ಅದ್ದಿ, ಹೆಸರನ್ನು ಕೇಳಿ, ಮತ್ತೊಮ್ಮೆ ಕೇಳಿ, ಕಾಗುಣಿತ ತಪ್ಪದಂತೆ ಬರೆದರು. ಅದರಿಂದಲೇ ಇಷ್ಟು ವರ್ಷಗಳ ಬಳಿಕ ನೀವು ಅವುಗಳನ್ನು ಓದಿ ಯಂತ್ರಕ್ಕೆ ತುಂಬಿದಿರಿ. ನೀವು ಬರೆಯುವ ಪ್ರತಿಯೊಂದು ಸಾಲನ್ನೂ ಮುಂದಿನ ವರ್ಷದ ಎಂಟನೆಯ ತರಗತಿಯವರು ತೆರೆದು ಓದುತ್ತಾರೆ. ಅವರಿಗೆ ತಿಳಿಯುವಂತೆ ಬರೆಯಿರಿ.

ಗೋಷ್ಠಿ ಮುಗಿದ ಮೇಲೆ ಪ್ರಯೋಗಾಲಯ ತೆರೆದಿರುತ್ತದೆ. ಮಕ್ಕಳು ಅಲ್ಲಿದ್ದಾರೆ, ನಿಮ್ಮ ಹೆಸರನ್ನು ಬರೆದು ಮಾತ್ರೆಗಳೆಷ್ಟೆಂದು ನೋಡಿಕೊಂಡು ಹೋಗಬೇಕಾಗಿ ಪ್ರಾರ್ಥನೆ.